ವಧ್ಯನೊಡನೆ ನಡೆದ ಸನ್ಯಾಸಿನಿ

ಅಮೆರಿಕದ ಲೂಯಿಸಿಯಾನ ಸಂಸ್ಥಾನದಲ್ಲಿ ಮರಣದಂಡನೆಗೆ ಗುರಿಯಾದವರಿಗೆ ಆತ್ಮಬೋಧೆ ಮಾಡಿದ ಸಿಸ್ಟರ್ ಹೆಲೆನ್ ಪ್ರೇಜಾನ್ ಅವರು ತಮ್ಮ ಅನುಭವವನ್ನು 1993ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. 1995ರಲ್ಲಿ ಟಿಮ್ ರಾಬಿನ್ಸ್ ಅದನ್ನೇ ‘ಡೆಡ್ ಮ್ಯಾನ್ ವಾಕಿಂಗ್’ ಎಂಬ ಚಲಚ್ಚಿತ್ರವಾಗಿಸಿದರು. ಕೈದಿಯನ್ನು ವಧಾಗೃಹಕ್ಕೆ ಒಯ್ಯುವಾಗ ಕಾವಲುಗಾರನು ಕೂಗುವ ಮಾತೇ ಈ ಹೆಸರು. ಉಸಿರಿರುವಾಗಲೇ ಹೆಣವೆನಿಸಿಕೊಂಡವನು ನಡೆದು ಬರುತ್ತಿದ್ದಾನೆಂದು ಅದರ ಅರ್ಥ.

ಹೆಲೆನ್ ಜೊತೆಗಿದ್ದ ಇಬ್ಬರು ಅಪರಾಧಿಗಳು 1984ರಲ್ಲಿ ವಿದ್ಯುತ್ ಕುರ್ಚಿಯಲ್ಲಿ ಸತ್ತವರು. ಚಿತ್ರದಲ್ಲಿ ಅವರಿಬ್ಬರೂ ಸೇರಿ ಪಾನ್ಸ್‌ಲೆಟ್ ಎಂಬ ಒಬ್ಬನಾಗಿದ್ದಾರೆ. ಅವನು ಸಾಯುವುದು ವಿಷದ ಸೂಜಿಯಿಂದ. ಈ ಮಾರ್ಪಾಟಿಗೆ ನಮ್ಮ ತಕರಾರಿಲ್ಲ. ಕುರ್ಚಿಯ ಭೀಕರತೆಯಿಂದ ಕಣ್ಣೀರು ತರಿಸುವುದು ಸುಲಭವಾಗುತ್ತಿತ್ತು.

ಆತ್ಮಬೋಧೆಯೆಂದರೆ ಬರಿಯ ಸಾಂತ್ವನವೆಂದು ನಾವು ಬಗೆಯುವುದುಂಟು. ಇಲ್ಲಿ ಹಾಗಲ್ಲ. ತಾನು ಕೊಂದಿಲ್ಲವೆಂದು ಅವನು ಹಟ ಹಿಡಿಯುತ್ತಾನೆ, ಜೊತೆಗಾರನ ಮೇಲೆ ಹೊರಿಸುತ್ತಾನೆ, ಏಸು ತನಗಾಗಿ ಸತ್ತಿರುವಾಗ ತನಗಿನ್ನೇನು ಭಯವೆನ್ನುತ್ತಾನೆ. ಸನ್ಯಾಸಿನಿ ಒಪ್ಪುವುದಿಲ್ಲ, ಮಾಡಿದ್ದರ ಹೊಣೆಯನ್ನು ಹೊರಲೇಬೇಕೆಂದು ಪಟ್ಟು ಹಿಡಿಯುತ್ತಾಳೆ. ಸಾಯುವ ದಿನ ಅವನು ಅಳುತ್ತ ನಿಜ ನುಡಿಯುತ್ತಾನೆ.

ಅದಕ್ಕಿಂತ ಕಠಿನವಾದುದು, ಕೊಲೆಯಾದ ತರುಣ ತರುಣಿಯರ ಮನೆಗಳಿಗೆ ಆಕೆ ಹೋಗುವ ಭಾಗ. ತಮ್ಮ ಪಕ್ಷಕ್ಕೆ ಬಂದಳೆಂದು ನಂಬಿದ ಹುಡುಗಿಯ ತಂದೆತಾಯಿ, ಅವನ ಕೈಯನ್ನು ಆಕೆ ಬಿಟ್ಟಿಲ್ಲವೆಂದು ತಿಳಿದೊಡನೆ ಹೊರಗೆ ಕಳಿಸುತ್ತಾರೆ. ಅವರದು ತಪ್ಪೆಂದು ಚಿತ್ರ ಹೇಳುವುದಿಲ್ಲ, ನಾವೂ ಹೇಳಲಾರೆವು. ಸೂಜಿ ಚುಚ್ಚುವ ದೃಶ್ಯದ ನಡುನಡುವೆ ಕೊಲೆಯ ದೃಶ್ಯವನ್ನೂ ಹೆಣೆದಿರುವುದರಿಂದ ನೋಡುವವನಿಗೆ ಯಾವುದನ್ನೂ ಮರೆಯಲು ಎಡೆಯಿಲ್ಲ.

ಸನ್ಯಾಸಿನಿಯಾದ ಸೂಸಾನ್ ಸರಂಡನ್ನರಿಗೆ ಆಸ್ಕರ್ ಪ್ರಶಸ್ತಿ ಬಂದಿತು. ನಮಗೆ ಮಾತ್ರ ಹೆಚ್ಚು ನೆನಪಿರುವವನು ಕೊಲೆಯಾದ ಹುಡುಗನ ತಂದೆ. ಪಾನ್ಸ್‌ಲೆಟ್‌ನ ಅಂತ್ಯಸಂಸ್ಕಾರಕ್ಕೆ ಅವನು ಬಂದು ದೂರದಲ್ಲಿ ನಿಲ್ಲುತ್ತಾನೆ; ಕಡೆಗೆ ಇಗರ್ಜಿಯಲ್ಲಿ ಹೆಲೆನ್‌ಳ ಪಕ್ಕದಲ್ಲಿ ಮಂಡಿಯೂರಿರುವುದು ಕಿಟಕಿಯಾಚೆಯಿಂದ ಕಾಣುತ್ತದೆ.