ದಾಟುವವರ ಹದಿನಾರು ಸೆಕೆಂಡು

ಬೆಂಗಳೂರಿನ ರೆಸಿಡೆನ್ಸಿ ರಸ್ತೆಯ ಫುಟ್‌ಪಾತ್ ಮೇಲೆ ನಡೆಯುವುದು ಈಗ ಅಷ್ಟೇನೂ ಕಷ್ಟವಲ್ಲ. ಕಳೆದ ದಶಕದಲ್ಲಿ ಟೆಂಡರ್‌ಶ್ಯೂರ್ ಯೋಜನೆಯಡಿ ನಗರದ ನಡುಭಾಗದ ಕೆಲವು ರಸ್ತೆಗಳನ್ನು ಹೊಸದಾಗಿ ಕಟ್ಟಿದಾಗ ಇದಕ್ಕೂ ಆ ಭಾಗ್ಯ ಬಂತು. ಪದೇಪದೇ ರಸ್ತೆ ಅಗೆಯುವುದು ತಪ್ಪಲೆಂದು ಕೇಬಲ್, ಕೊಳವೆಗಳನ್ನು ಫುಟ್‌ಪಾತಿನ ಅಡಿಗೆ ಇಳಿಸಿದರು. ವಾಹನಗಳಿಗೆ ಉದ್ದಕ್ಕೂ ಒಂದೇ ಅಗಲದ ದಾರಿ ಬಿಟ್ಟು, ಮಿಕ್ಕ ಜಾಗವನ್ನು ನಡೆಯುವವರಿಗೆ ಕೊಟ್ಟರು. ಇಬ್ಬರು ಮಾತಾಡಿಕೊಂಡು ಜೊತೆಜೊತೆಯಾಗಿ ನಡೆಯಬಹುದಾದ ಫುಟ್‌ಪಾತ್ ನಮ್ಮ ಊರಲ್ಲೂ ಸಾಧ್ಯ ಎಂದು ಆ ಕೆಲಸ ತೋರಿಸಿಕೊಟ್ಟಿತು.

ಕಷ್ಟ ಶುರುವಾಗುವುದು ಆ ಫುಟ್‌ಪಾತಿನಿಂದ ಕೆಳಗೆ ಕಾಲಿಟ್ಟಾಗ. ಬ್ರಿಗೇಡ್ ರಸ್ತೆ ಬಂದು ಸೇರುವ ಒಪೆರಾ ಹೌಸ್ ಮೂಲೆಯಲ್ಲಿ ಸಂಜೆ ಹೊತ್ತು ನಿಂತು ನೋಡಿ. ಕೈಯಲ್ಲಿ ಬ್ಯಾಗು ಹಿಡಿದ ಗಿರಾಕಿಗಳು, ಕಾಲೇಜು ಬಿಟ್ಟು ಬಂದ ಹುಡುಗ ಹುಡುಗಿಯರು, ಬಸ್ಸು ಹಿಡಿಯಲು ಹೊರಟ ಅಂಗಡಿ ಕೆಲಸದವರು, ಎಲ್ಲರೂ ಅಂಚಿನಲ್ಲಿ ಗುಂಪುಗೂಡುತ್ತಾರೆ. ಯಾರೋ ಒಬ್ಬರು ಧೈರ್ಯ ಮಾಡಿ ಅಂಗೈ ಚಾಚಿ ಮುಂದಾದರೆ ಉಳಿದವರು ಅವರ ಮರೆಯಲ್ಲಿ ಹೆಜ್ಜೆ ಹಾಕುತ್ತಾರೆ. ರಸ್ತೆ ಒನ್‌ವೇ. ಒಂದೇ ಕಡೆ ನೋಡಿದರೆ ಸಾಕು ಎನ್ನುವುದು ನಿಜವೇ. ಆದರೆ ಎದುರು ವಾಹನದ ಅಳುಕಿಲ್ಲದ ಒನ್‌ವೇಯಲ್ಲಿ ವೇಗ ತಾನಾಗಿಯೇ ಏರುತ್ತದೆ.

ಸಣ್ಣ ಲೆಕ್ಕವೊಂದನ್ನು ಮಾಡಿ ನೋಡೋಣ. ನಾಲ್ಕು ಸಾಲು ವಾಹನ ಹೋಗುವ ರಸ್ತೆಯ ಅಗಲ ಸುಮಾರು 13 ಮೀಟರ್. ಸಿಗ್ನಲ್ ಲೆಕ್ಕ ಹಾಕುವ ಎಂಜಿನಿಯರುಗಳು ಸಾಮಾನ್ಯವಾಗಿ ಮನುಷ್ಯ ಸೆಕೆಂಡಿಗೆ 1.2 ಮೀಟರ್ ನಡೆಯುತ್ತಾನೆಂದು ಹಿಡಿಯುತ್ತಾರೆ. ಮಂಡಿನೋವಿನ ಅಜ್ಜಿಯೊಬ್ಬರು ನಡೆಯುವುದು 0.8 ಮೀಟರ್ ಎಂದಿಟ್ಟುಕೊಳ್ಳಿ. ಅವರಿಗೆ ಆಚೆ ಸೇರಲು 16 ಸೆಕೆಂಡು ಬೇಕು. ಗಂಟೆಗೆ 40 ಕಿಲೋಮೀಟರ್ ವೇಗದ ಕಾರು ಅಷ್ಟರಲ್ಲಿ 175 ಮೀಟರಿಗೂ ಹೆಚ್ಚು ದೂರ ಬಂದುಬಿಡುತ್ತದೆ. ಅಂದರೆ ಅಜ್ಜಿ ಹೆಜ್ಜೆ ಇಡುವ ಮುನ್ನ ಅಷ್ಟು ದೂರದ ಕಾರನ್ನು ಗುರುತಿಸಿ, ಅದರ ವೇಗವನ್ನು ಅಂದಾಜು ಮಾಡಿರಬೇಕು. ಅದನ್ನು ಅವರಿಂದ ನಿರೀಕ್ಷಿಸುವುದೇ ಅನ್ಯಾಯ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು ಎನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ದಿನಕ್ಕೆ ಸುಮಾರು 90 ಜನ.

ಇದಕ್ಕೆ ನಮ್ಮ ನಗರಗಳು ಮೆಚ್ಚಿಕೊಂಡ ಪರಿಹಾರ ಸ್ಕೈವಾಕ್. ಜಾಹೀರಾತು ಹಲಗೆಯ ಆದಾಯ ಬರುತ್ತದೆ, ವಾಹನಗಳ ಓಟಕ್ಕೂ ತಡೆಯಿಲ್ಲ. ಆದರೆ ಹದಿಮೂರು ಮೀಟರ್ ದಾಟಲು ಎರಡು ಮಹಡಿಯಷ್ಟು ಮೆಟ್ಟಿಲು ಹತ್ತಿ ಇಳಿಯುವವರು ಎಷ್ಟು ಮಂದಿ? ಹೆದ್ದಾರಿಗೆ ಅದು ಸರಿ ಇರಬಹುದು. ಅಂಗಡಿ ಬೀದಿಯಲ್ಲಿ ಜನ ಆಚೆ ಈಚೆ ಓಡಾಡುತ್ತಲೇ ಇರುತ್ತಾರೆ, ಓಡಾಡಿದರೇ ವ್ಯಾಪಾರ. ಅಲ್ಲಿ ಹತ್ತಿ ಇಳಿಯುವ ಕೆಲಸ ಜನರದ್ದಾಗಬಾರದು, ವಾಹನದ್ದಾಗಬೇಕು.

ಅದಕ್ಕೆ ದಾರಿಯೂ ಇದೆ. ಜೀಬ್ರಾ ಪಟ್ಟೆಗಳನ್ನು ಫುಟ್‌ಪಾತಿನ ಎತ್ತರಕ್ಕೇ ಏರಿಸಿ ಕಟ್ಟಿದರೆ ಕಾರು ಹಂಪ್ ಹತ್ತಿದಂತೆ ನಿಧಾನವಾಗಿ ಹತ್ತಿ ಇಳಿಯಲೇಬೇಕು. ಗಾಲಿಕುರ್ಚಿಯವರು ಮಾತ್ರ ಸಮನಾದ ನೆಲದಲ್ಲಿ ದಾಟುತ್ತಾರೆ. ದಾಟುವ ಜಾಗದಲ್ಲಿ ಎರಡೂ ಬದಿಯ ಫುಟ್‌ಪಾತನ್ನು ತಲಾ ಎರಡು ಮೀಟರ್ ಮುಂದಕ್ಕೆ ಚಾಚಿದರೆ 13 ಮೀಟರ್ 9 ಆಗುತ್ತದೆ, ಅಜ್ಜಿಯ 16 ಸೆಕೆಂಡು ಹನ್ನೊಂದಕ್ಕೆ ಇಳಿಯುತ್ತದೆ. ಮೂಲೆಯ ತಿರುವನ್ನು ಕಿರಿದು ಮಾಡಿದರೆ ಎಡಕ್ಕೆ ಹೊರಳುವ ಆಟೊ, ಬೈಕುಗಳು ವೇಗ ತಗ್ಗಿಸದೆ ತಿರುಗಲಾಗದು. ಇದಾವುದಕ್ಕೂ ಫ್ಲೈಓವರಿನ ಖರ್ಚಿಲ್ಲ.

ಫುಟ್‌ಪಾತ್ ಹತ್ತುವ ಬೈಕುಗಳ ಮಾತು ಬಂದಾಗೆಲ್ಲ ಅಡ್ಡಕ್ಕೆ ಕಂಬ ನೆಡಿ ಎನ್ನುತ್ತಾರೆ. ಗಾಲಿಕುರ್ಚಿ ತೂರುವಷ್ಟು ಜಾಗ ಬಿಟ್ಟರೆ ಸ್ಕೂಟರೂ ತೂರುತ್ತದೆ. ಬಿಡದಿದ್ದರೆ ಗಾಲಿಕುರ್ಚಿ ಹೊರಗೇ ಉಳಿಯುತ್ತದೆ. ಹಾಗಾಗಿ ಇಲ್ಲಿ ಕಂಬಕ್ಕಿಂತ ದಂಡವೇ ಹೆಚ್ಚು ಕೆಲಸ ಮಾಡೀತು, ಅದೂ ತಪ್ಪದೆ ಬಿದ್ದರೆ.

ಪಾರ್ಕಿಂಗ್ ಹೋದರೆ ಗಿರಾಕಿ ಹೋದ ಎಂಬ ಅಂಗಡಿಯವರ ಭಯವನ್ನು ತಳ್ಳಿಹಾಕಲಾರೆ. ಬಾಡಿಗೆ ಕಟ್ಟುವವರು ಅವರು. ಸರಕು ಇಳಿಸಲು ಬೆಳಗಿನ ಹೊತ್ತು ಮೀಸಲಿಡದೆ, ನಡೆದು ಬರುವಷ್ಟು ಹತ್ತಿರದಲ್ಲಿ ಗಾಡಿ ನಿಲ್ಲಿಸುವ ಜಾಗ ತೋರಿಸದೆ ರಸ್ತೆ ಕಿರಿದು ಮಾಡಲು ಹೊರಟರೆ ಅವರು ಎದುರು ನಿಲ್ಲುವುದು ಸಹಜ. ಆದರೆ ಕಾರೊಂದು ನಿಂತ ಜಾಗದಲ್ಲಿ ಎಷ್ಟು ಜನ ನಡೆದು ಬರಬಹುದು ಎಂಬುದನ್ನು ಅವರೇ ತಮ್ಮ ಬಾಗಿಲಲ್ಲಿ ಕೂತು ಎಣಿಸಲಿ. ಕಲ್ಲುಹಾಸು ಹಾಕಿ 2018ರಲ್ಲಿ ಮತ್ತೆ ತೆರೆದ ಚರ್ಚ್ ಸ್ಟ್ರೀಟ್, 2020ರ ನವೆಂಬರಿನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನವಿಲ್ಲದೆ ಇತ್ತು. ಆ ಸಂಜೆಗಳಲ್ಲಿ ಪುಸ್ತಕದಂಗಡಿ, ಹೋಟೆಲುಗಳ ಮುಂದೆ ಜನ ತುಂಬಿರುತ್ತಿದ್ದರು. ಚೆನ್ನೈನ ತಿ.ನಗರದಲ್ಲಿ, ಸೀರೆ ಒಡವೆಗೆ ಇಡೀ ತಮಿಳುನಾಡು ಮುಗಿಬೀಳುವ ಬಡಾವಣೆಯ ಪಾಂಡಿ ಬಜಾರಿನಲ್ಲೇ, 2019ರಲ್ಲಿ ಅಗಲವಾದ ಫುಟ್‌ಪಾತ್ ಬಂತು.

ಕಾನೂನಿನ ಬಲವೂ ಕಡಿಮೆಯಿಲ್ಲ. ಸಿಗ್ನಲ್ ಇಲ್ಲದ ಜೀಬ್ರಾ ಕ್ರಾಸಿನಲ್ಲಿ ಪಾದಚಾರಿಗೇ ಮೊದಲ ಹಕ್ಕು ಎನ್ನುತ್ತವೆ 2017ರ ಚಾಲನಾ ನಿಯಮಗಳು. ಮಾನದಂಡ ಪಾಲಿಸದೆ ರಸ್ತೆ ಕಟ್ಟಿ ಅದರಿಂದ ಸಾವು, ಅಂಗವೈಕಲ್ಯ ಆದರೆ ಸಂಬಂಧಪಟ್ಟ ಅಧಿಕಾರಿ, ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ ಹಾಕಲು 2019ರ ಮೋಟಾರು ವಾಹನ ತಿದ್ದುಪಡಿ ಅವಕಾಶ ಕೊಟ್ಟಿದೆ. ಫುಟ್‌ಪಾತ್ ಬಳಸುವ ಹಕ್ಕು ಜೀವಿಸುವ ಹಕ್ಕಿನದೇ ಭಾಗ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಒಪೆರಾ ಹೌಸ್ ಮೂಲೆಯಲ್ಲೇ ಒಂದು ಪ್ರಯೋಗ ಆಗಲಿ. ಕಲ್ಲು ಸಿಮೆಂಟು ಈಗಲೇ ಬೇಡ. ಬಣ್ಣ, ಪ್ಲಾಸ್ಟಿಕ್ ಕೋನ್‌ಗಳು, ನಾಲ್ಕಾರು ಗಿಡದ ಕುಂಡಗಳಿಂದ ಮೂಲೆಗಳನ್ನು ಮುಂದಕ್ಕೆ ಚಾಚಿ, ನಡೆಯುವವರ ಹಸಿರು ದೀಪವನ್ನು ನಿಧಾನವಾಗಿ ನಡೆಯುವವರ ಲೆಕ್ಕಕ್ಕೆ ಹೊಂದಿಸಿ, ಒಂದು ತಿಂಗಳು ಬಿಡಲಿ. ಎಷ್ಟು ಜನ ದಾಟಿದರು, ಎಷ್ಟು ಹೊತ್ತು ಕಾದರು, ವಾಹನಗಳ ವೇಗ ಎಷ್ಟು ಇಳಿಯಿತು, ಅಕ್ಕಪಕ್ಕದ ಅಂಗಡಿಗಳ ವ್ಯಾಪಾರ ಏನಾಯಿತು ಎಂದು ಟ್ರಾಫಿಕ್ ಪೊಲೀಸರೂ ಪಾಲಿಕೆಯೂ ಅಂಗಡಿಯವರೂ ಒಟ್ಟಿಗೆ ಕೂತು ಬರೆದಿಡಲಿ. ಕಾಂಕ್ರೀಟ್ ಎಲ್ಲಿ ಸುರಿಯಬೇಕೆಂದು ಆಮೇಲೆ ಆ ಪಟ್ಟಿ ನೋಡಿ ತೀರ್ಮಾನಿಸಬಹುದು.