ಕತೆ ಮುಗಿದ ಮೇಲೆ ಶುರುವಾಗುವ ಪಾಠ

ಚಿನ್ನದ ಮೊಟ್ಟೆಯಿಡುವ ಕೋಳಿಯ ಕತೆ ಕೇಳದೆ ಬೆಳೆದವರು ಯಾರು? ದುರಾಸೆಯ ಒಡೆಯ ಅದರ ಹೊಟ್ಟೆ ಸೀಳುತ್ತಾನೆ, ಒಳಗೆ ಏನೂ ಸಿಗುವುದಿಲ್ಲ, ಅಲ್ಲಿಗೆ ನೀತಿಯೂ ಮುಗಿಯುತ್ತದೆ. ಐಸಾಕ್ ಅಸಿಮೋವ್ 1956ರಲ್ಲಿ ಆ ಹಕ್ಕಿಯನ್ನು ಪ್ರಯೋಗಾಲಯಕ್ಕೆ ತಂದರು. ಅವರ 'ಪಾತೆ ದ ಫ್ವಾ ಗ್ರಾ' ಕತೆಯಲ್ಲಿ ಟೆಕ್ಸಾಸ್‌ನ ರೈತನೊಬ್ಬನ ಬಾತು ಚಿನ್ನದ ಮೊಟ್ಟೆ ಇಡುತ್ತದೆ. ಸರ್ಕಾರಿ ವಿಜ್ಞಾನಿಗಳು ಅದನ್ನು ಜೋಪಾನವಾಗಿ ಸಾಕುತ್ತಾ ರಕ್ತ ಪರೀಕ್ಷಿಸುತ್ತಾರೆ, ಮೊಟ್ಟೆ ಪರೀಕ್ಷಿಸುತ್ತಾರೆ. ಮೇವಿನಲ್ಲಿಲ್ಲದ ಚಿನ್ನ ಮೊಟ್ಟೆಗೆ ಬಂದದ್ದೆಲ್ಲಿಂದ?

ಬಾತಿನ ಯಕೃತ್ತೇ ಪರಮಾಣು ಕುಲುಮೆ ಎಂಬುದು ಅವರು ಕಂಡುಕೊಳ್ಳುವ ಉತ್ತರ. ಗಾಳಿ, ನೀರಿನ ಆಮ್ಲಜನಕದಲ್ಲಿ ಶೇಕಡಾ 0.2ರಷ್ಟು ಇರುವ ತುಸು ಭಾರದ ಬಗೆ, ಅಂದರೆ ಆಮ್ಲಜನಕ-18, ಅಲ್ಲಿ ಕಬ್ಬಿಣ-56 ಆಗುತ್ತದೆ. ಆಗ ಶಕ್ತಿ ಹೊರಬೀಳುತ್ತದೆ. ಆ ಕಬ್ಬಿಣ ಮುಂದೆ ಚಿನ್ನ-197 ಆಗುವಾಗ ಶಕ್ತಿ ಖರ್ಚಾಗುತ್ತದೆ. ಒಂದರ ಗಳಿಕೆ ಇನ್ನೊಂದರ ಖರ್ಚಿಗೆ ಸರಿಹೊಂದುವುದರಿಂದಲೇ ಬಾತು ಸುಟ್ಟು ಬೂದಿಯಾಗದೆ ಬದುಕಿದೆ. ಜೀವಿಯ ಯಕೃತ್ತಿನಲ್ಲಿ ಇಂಥದ್ದು ನಡೆಯುವುದು ಶುದ್ಧ ಕಲ್ಪನೆ. ಶಕ್ತಿಯ ಲೆಕ್ಕ ಮಾತ್ರ ಕಲ್ಪನೆಯಲ್ಲ. ಹಗುರವಾದ ಪರಮಾಣು ಬೀಜಗಳು ಕೂಡಿಕೊಂಡು ಕಬ್ಬಿಣದವರೆಗೆ ಬೆಳೆದರೆ ಶಕ್ತಿ ಸಿಗುತ್ತದೆ, ಕಬ್ಬಿಣವನ್ನು ದಾಟಿ ಮೇಲೇರಲು ಶಕ್ತಿ ತೆರಬೇಕಾಗುತ್ತದೆ. ದೊಡ್ಡ ನಕ್ಷತ್ರಗಳ ಗರ್ಭ ಕಬ್ಬಿಣದಿಂದ ತುಂಬಿದೊಡನೆ ಕುಸಿದುಬೀಳುವುದೂ ಇದೇ ಕಾರಣಕ್ಕೆ.

ಕತೆ ಉತ್ತರದಲ್ಲಿ ನಿಲ್ಲುವುದಿಲ್ಲ. ಇರುವುದು ಒಂದೇ ಬಾತು. ಚಿನ್ನದ ವಿಷವೇರಿದ ಅದರ ಮೊಟ್ಟೆ ಮರಿಯಾಗುವುದಿಲ್ಲ. ಕೊಯ್ದು ನೋಡಿದರೆ ಇರುವುದೂ ಹೋಗುತ್ತದೆ. ಹಾಗಾದರೆ ಇದರ ಸಂತತಿ ಪಡೆಯುವುದು ಹೇಗೆ? ಅಸಿಮೋವ್ ಇದನ್ನು ಓದುಗರಿಗೇ ಬಿಟ್ಟರು. ಆಮ್ಲಜನಕ-18 ಒಂದಿಷ್ಟೂ ಇಲ್ಲದ ಗಾಳಿ-ನೀರಿನಲ್ಲಿ ಅದನ್ನು ಸಾಕಿದರೆ ಏನಾದೀತು ಎಂದು ಯೋಚಿಸಿ ನೋಡಿ.

1971ರಲ್ಲಿ ಅವರು ಈ ಕತೆಯನ್ನು ತಾವೇ ಸಂಪಾದಿಸಿದ 'ವೇರ್ ಡು ವಿ ಗೋ ಫ್ರಮ್ ಹಿಯರ್?' ಎಂಬ ಸಂಕಲನಕ್ಕೆ ಸೇರಿಸಿದರು. 1920ರಲ್ಲಿ ರಷ್ಯಾದಲ್ಲಿ ಹುಟ್ಟಿ, ಮೂರರ ಪ್ರಾಯದಲ್ಲಿ ಅಮೆರಿಕ ಸೇರಿ, ನ್ಯೂಯಾರ್ಕ್‌ನಲ್ಲಿ ಅಪ್ಪನ ಮಿಠಾಯಿ ಅಂಗಡಿಯಲ್ಲಿ ಮಾರಾಟಕ್ಕಿದ್ದ ಪತ್ರಿಕೆಗಳನ್ನು ಓದುತ್ತಾ ಬೆಳೆದವರು ಅವರು. ರಸಾಯನ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು, ಬೋಸ್ಟನ್‌ನಲ್ಲಿ ಜೀವರಸಾಯನ ಕಲಿಸಿದರು, ಬರೆದದ್ದೂ ಸಂಪಾದಿಸಿದ್ದೂ ಸೇರಿ ಸುಮಾರು 500 ಪುಸ್ತಕ ತಂದರು. ಅವರ ರೋಬಾಟ್ ನಿಯಮಗಳನ್ನೂ 'ಫೌಂಡೇಶನ್' ಸರಣಿಯನ್ನೂ ಲೋಕವೇ ಬಲ್ಲದು. ಸಂಪಾದಕ ಅಸಿಮೋವ್ ಬಗ್ಗೆ ಮಾತು ಕಡಿಮೆ. ಹ್ಯೂಗೋ ಪ್ರಶಸ್ತಿ ಪಡೆದ ಕತೆಗಳ ಸಂಕಲನಗಳು, ಮಾರ್ಟಿನ್ ಗ್ರೀನ್‌ಬರ್ಗ್ ಜೊತೆಗೂಡಿ 1939ರಿಂದ 1963ರವರೆಗಿನ ಒಂದೊಂದು ವರ್ಷಕ್ಕೂ ಒಂದೊಂದರಂತೆ ಹೊರತಂದ 25 ಸಂಪುಟಗಳು, ಇನ್ನೂ ಎಷ್ಟೋ. ಇವೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು 1971ರ ಆ ಒಂದು ಪುಸ್ತಕ. ಅದರಲ್ಲಿ 17 ಕತೆಗಳಿವೆ. ಪ್ರತಿ ಕತೆಯ ಕೊನೆಗೂ ಅದರ ವಿಜ್ಞಾನದ ಕುರಿತು ಸಂಪಾದಕರ ಟಿಪ್ಪಣಿ ಇದೆ, ಆಮೇಲೆ ಓದುಗರಿಗೆ ಪ್ರಶ್ನೆಗಳಿವೆ.

ಆ ಕತೆಗಳಲ್ಲಿ ಎಚ್. ಬೀಮ್ ಪೈಪರ್ ಬರೆದ 'ಆಮ್ನಿಲಿಂಗ್ವಲ್' (1957) ನನ್ನ ಮೆಚ್ಚಿನದು. ಮಂಗಳದಲ್ಲಿ ಸತ್ತುಹೋದ ನಾಗರಿಕತೆಯೊಂದರ ಪುಸ್ತಕಗಳು ಸಿಗುತ್ತವೆ. ಲಿಪಿ ಓದಲು ಎರಡು ಭಾಷೆಯ ಶಾಸನವೊಂದು ಬೇಕು. ಮನುಷ್ಯರಿಗೂ ಮಂಗಳದವರಿಗೂ ಸಮಾನವಾದ ಭಾಷೆ ಎಲ್ಲಿದೆ? ಪುರಾತತ್ವಜ್ಞೆ ಮಾರ್ತಾ ಡೇನ್ ಅದನ್ನು ಅಲ್ಲಿನ ವಿಶ್ವವಿದ್ಯಾಲಯವೊಂದರ ಗೋಡೆಯ ಮೇಲೆ ಕಾಣುತ್ತಾಳೆ: ಮೂಲವಸ್ತುಗಳ ಆವರ್ತ ಕೋಷ್ಟಕ. ಹೈಡ್ರೋಜನ್ನಿಗೆ ಎಲ್ಲಿ ಹೋದರೂ ಒಂದೇ ಪ್ರೋಟಾನ್, ಹೀಲಿಯಮ್ಮಿಗೆ ಎರಡೇ. ಎಂಟನೆಯ ಮನೆಯಲ್ಲಿ ಯಾವ ಅಕ್ಷರಗಳಿದ್ದರೂ ಅದು ಆಮ್ಲಜನಕವೇ. ಶಾಲೆಯಲ್ಲಿ ಬಾಯಿಪಾಠ ಮಾಡಿಸುವ ಆ ಕೋಷ್ಟಕ ಬ್ರಹ್ಮಾಂಡಕ್ಕೆಲ್ಲ ಒಂದೇ ಎಂಬುದನ್ನು ಇಷ್ಟು ಚೆನ್ನಾಗಿ ಮನಗಾಣಿಸುವ ಪಠ್ಯಪುಸ್ತಕವನ್ನು ನಾನು ಕಂಡಿಲ್ಲ. ಇಂಥ ನಾಯಕಿಯಿದ್ದೂ ಸಂಕಲನದಲ್ಲಿ ಒಬ್ಬ ಲೇಖಕಿಯೂ ಇಲ್ಲ. ಅದು ಕೊರತೆಯೇ.

ಸ್ಟ್ಯಾನ್ಲಿ ವೈನ್‌ಬಾಮ್‌ರ 'ಎ ಮಾರ್ಷಿಯನ್ ಒಡಿಸಿ' 1934ರದು. ಅಲ್ಲಿ ಮನುಷ್ಯರು ಮಂಗಳದ ತೆಳುಗಾಳಿಯನ್ನೇ ಉಸಿರಾಡಿಕೊಂಡು ಓಡಾಡುತ್ತಾರೆ. ಅಲ್ಲಿನ ಗಾಳಿಯ ಒತ್ತಡ ಭೂಮಿಯದರ ನೂರರಲ್ಲೊಂದು ಪಾಲೂ ಇಲ್ಲ, ಅದರಲ್ಲಿ ಬಹುಪಾಲು ಇಂಗಾಲದ ಡೈ ಆಕ್ಸೈಡು ಎಂದು ಇಂದು ಗೊತ್ತಿದೆ. ಆದರೆ ಅದೇ ಕತೆಯಲ್ಲಿ ಸಿಲಿಕಾನ್ ಮೈಯ ಪ್ರಾಣಿಯೊಂದಿದೆ. ಅದು ಆಗಾಗ ಒಂದು ಇಟ್ಟಿಗೆ ಉಗುಳಿ, ತನ್ನ ಸುತ್ತ ಪಿರಮಿಡ್ಡು ಕಟ್ಟಿಕೊಳ್ಳುತ್ತದೆ. ಯಾಕೆ ಇಟ್ಟಿಗೆ? ನಮ್ಮ ದೇಹದ ಇಂಗಾಲ ಆಮ್ಲಜನಕದ ಜೊತೆ ಕೂಡಿದರೆ ಅನಿಲವಾಗುತ್ತದೆ, ಉಸಿರಿನಲ್ಲಿ ಹೊರಹೋಗುತ್ತದೆ. ಸಿಲಿಕಾನ್ ಕೂಡಿದರೆ ಆಗುವುದು ಮರಳು. ಮರಳನ್ನು ಉಸಿರಾಡಿ ಹೊರಹಾಕಲು ಬರುವುದಿಲ್ಲ! ಜೀವ ಯಾಕೆ ಇಂಗಾಲವನ್ನೇ ನೆಚ್ಚಿಕೊಂಡಿತು ಎಂಬ ಪ್ರಶ್ನೆಗೆ ಒಂದು ಮುಖ್ಯ ಉತ್ತರ ಈ ವಿಚಿತ್ರ ಪ್ರಾಣಿಯಲ್ಲಿದೆ.

ವಾಲ್ಟರ್ ಟೆವಿಸ್‌ರ 'ದ ಬಿಗ್ ಬೌನ್ಸ್' ಕತೆಯ ಚೆಂಡು ಪ್ರತಿ ಪುಟಿತಕ್ಕೂ ಇನ್ನಷ್ಟು ಎತ್ತರಕ್ಕೆ ಹಾರುತ್ತದೆ, ಹಾರಿದಷ್ಟೂ ತಣ್ಣಗಾಗುತ್ತದೆ. ತನ್ನ ಬಿಸಿಯನ್ನೇ ಚಲನೆಯಾಗಿಸಿಕೊಳ್ಳುವ ಚೆಂಡು. ಶಕ್ತಿಯ ಮೊತ್ತ ಸರಿಯಾಗಿಯೇ ಇದೆ, ಆದರೂ ಇದು ಅಸಾಧ್ಯ. ಉಷ್ಣಗತಿ ವಿಜ್ಞಾನದ ಎರಡನೆಯ ನಿಯಮ ಒಪ್ಪುವುದಿಲ್ಲ. ಮೊದಲನೆಯ ನಿಯಮ ಪಾಲಿಸಿದ ಮಾತ್ರಕ್ಕೆ ಸಾಲದು ಎಂಬುದು ಸೂತ್ರಕ್ಕಿಂತ ಈ ಚೆಂಡಿನಿಂದ ಬೇಗ ತಲೆಗೆ ಹೋಗುತ್ತದೆ. ತಪ್ಪು ವಿಜ್ಞಾನದ ಕತೆಗಳನ್ನೂ ಅಸಿಮೋವ್ ಬಿಡದೆ ಆರಿಸಿದ್ದು ಅದಕ್ಕೇ. ಯಾಕೆ ತಪ್ಪು ಎಂದು ಹುಡುಕುವವನು ನಿಯಮದ ಬುಡದವರೆಗೂ ಇಳಿಯಲೇಬೇಕಾಗುತ್ತದೆ.

ಸರಿಯಾದ ಊಹೆಗಳೂ ಇವೆ. ಹಾಲ್ ಕ್ಲೆಮೆಂಟ್‌ರ 'ಡಸ್ಟ್ ರ‍್ಯಾಗ್' (1956) ಕತೆಯಲ್ಲಿ ಚಂದ್ರನ ದೂಳು ವಿದ್ಯುದಾವೇಶದಿಂದ ಯಾತ್ರಿಗಳ ಶಿರಸ್ತ್ರಾಣದ ಗಾಜಿಗೆ ಅಂಟಿ ಕಣ್ಣು ಕಟ್ಟುತ್ತದೆ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟಾಗ ಬಟ್ಟೆಗೂ ಉಪಕರಣಕ್ಕೂ ಮೆತ್ತಿಕೊಂಡು ಕಾಡಿದ್ದು ಆ ದೂಳೇ. 

ಲ್ಯಾರಿ ನಿವೆನ್‌ರ 'ನ್ಯೂಟ್ರಾನ್ ಸ್ಟಾರ್' 1966ರಲ್ಲಿ ಅಚ್ಚಾದಾಗ ಅಂಥ ನಕ್ಷತ್ರ ಸಿದ್ಧಾಂತದಲ್ಲಷ್ಟೇ ಇತ್ತು. ಮರುವರ್ಷ ಜೋಸೆಲಿನ್ ಬೆಲ್ ಅಂಥ ನಕ್ಷತ್ರಗಳೇ ಆದ ಪಲ್ಸಾರ್‌ಗಳನ್ನು ಪತ್ತೆಹಚ್ಚಿದರು. ಯಾವುದೂ ಭೇದಿಸಲಾಗದ ನೌಕೆಯೊಳಗಿದ್ದವರನ್ನು ಕೊಂದದ್ದು ಯಾವುದು ಎಂಬುದೇ ಕತೆಯ ಒಗಟು. ಕಡಲಲ್ಲಿ ಉಬ್ಬರ ಎಬ್ಬಿಸುವ ಬಲವೇ ಅದು: ನಕ್ಷತ್ರಕ್ಕೆ ಹತ್ತಿರದ ತುದಿಯನ್ನು ಗುರುತ್ವ ಹೆಚ್ಚಾಗಿ, ದೂರದ ತುದಿಯನ್ನು ಕಡಿಮೆಯಾಗಿ ಎಳೆಯುತ್ತದೆ. ಲೆಕ್ಕ ಹಾಕಿದ ಓದುಗರು, ಒಗಟು ಬಿಡಿಸಲು ಹೋದ ನಾಯಕನ ನೌಕೆ ಗಿರಗಿರನೆ ತಿರುಗುತ್ತಲೇ ಹೊರಬರುತ್ತದೆ, ಅವನು ಬದುಕುವುದಿಲ್ಲ ಎಂದು ತೋರಿಸಿದರು. ನಿವೆನ್ ಒಪ್ಪಿಕೊಂಡರು.

ತಮ್ಮ ಕತೆಗಳ ವಿಷಯದಲ್ಲೂ ಅಸಿಮೋವ್ ಇದೇ ನಿಷ್ಠೆ ತೋರಿದರು. 'ದ ಡೈಯಿಂಗ್ ನೈಟ್' (1956) ಎಂಬ ಕೊಲೆಯ ಕತೆಯಲ್ಲಿ ಅಪರಾಧಿ ಸಿಕ್ಕಿಬೀಳುವುದು, ಬುಧಗ್ರಹ ಸದಾ ಒಂದೇ ಮುಖವನ್ನು ಸೂರ್ಯನಿಗೆ ತೋರುತ್ತದೆ ಎಂಬ ಅಂದಿನ ತಿಳಿವಳಿಕೆಯಿಂದ. 1965ರಲ್ಲಿ ಅರೆಸಿಬೋದ ರೇಡಾರ್ ಅಲೆಗಳು ಬುಧಕ್ಕೆ ಬಡಿದು ಮರಳಿದಾಗ, ಅದು 59 ದಿನಕ್ಕೊಮ್ಮೆ ತನ್ನ ಸುತ್ತ ತಿರುಗುವುದು ತಿಳಿಯಿತು. ಕತೆಯ ಬುಡವೇ ಕುಸಿಯಿತು. 1968ರ ಸಂಕಲನದಲ್ಲಿ ಅವರು ಕತೆಯನ್ನು ತಿದ್ದದೆ ಉಳಿಸಿ, ಹೊಸ ಸಂಗತಿಯನ್ನು ಟಿಪ್ಪಣಿಯಲ್ಲಿ ವಿವರಿಸಿದರು. ಶುಕ್ರಗ್ರಹದಲ್ಲಿ ಸಾಗರವಿದೆ ಎಂದು 1954ರಲ್ಲಿ ಮಕ್ಕಳಿಗಾಗಿ ಬರೆದಿದ್ದ ಕಾದಂಬರಿಯ ಮರುಮುದ್ರಣಕ್ಕೂ, ಅಲ್ಲಿ ಸಾಗರವಿರಲು ಸಾಧ್ಯವಿಲ್ಲದಷ್ಟು ಬಿಸಿಯಿದೆ ಎಂದು ತಿಳಿಸುವ ಮುನ್ನುಡಿ ಸೇರಿಸಿದರು.