ಕುಡಿಯುವ ನೀರಿನ ಕಂದು ಬಣ್ಣವೂ ಅದರ ನಿವಾರಣೆಯೂ

ಮುಂಗಾರಿನ ಮೊದಲ ಮಳೆಗಳಾದೊಡನೆ ಮಲೆನಾಡಿನ ಅನೇಕ ಕೆರೆಕಟ್ಟೆಗಳ ನೀರು ಚಹದ ಬಣ್ಣಕ್ಕೆ ತಿರುಗುವುದನ್ನು ಆ ಸೀಮೆಯ ರೈತರು ಬಲ್ಲರು. ಅದು ಮಣ್ಣಿನ ಬಣ್ಣವೆಂದು ಭಾವಿಸುವವರೇ ಹೆಚ್ಚು. ಹೌದೋ ಅಲ್ಲವೋ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಬಿಳಿಯ ಗಾಜಿನ ಸೀಸೆಯಲ್ಲಿ ಆ ನೀರನ್ನು ತುಂಬಿ ಅಲುಗಿಸದೆ ಎರಡು ರಾತ್ರಿ ಇಟ್ಟರೆ ಮಣ್ಣು ಬಹುಮಟ್ಟಿಗೆ ತಳಕ್ಕೆ ಇಳಿಯುವುದು. ಹಳದಿ ಬೆರೆತ ಕಂದು ಬಣ್ಣವು ಮಾತ್ರ ಮೇಲಿನ ತಿಳಿಯಲ್ಲಿ ಹಾಗೆಯೇ ನಿಲ್ಲುವುದು. ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿದರೂ ಅದು ಹೋಗದು, ಕುದಿಸಿದರೂ ಹೋಗದು. ಏಕೆಂದರೆ ಆ ವಸ್ತುವು ನೀರಿನಲ್ಲಿ ಕರಗಿರುತ್ತದೆ. (ಕೊಳವೆಬಾವಿಯ ನೀರು ಗಾಳಿ ತಗುಲಿದ ಮೇಲೆ ಕೆಂಪಾಗುವುದು ಕಬ್ಬಿಣದಿಂದ, ಅದರ ಚಿಕಿತ್ಸೆಯೇ ಬೇರೆ.)

ಈ ವಸ್ತುವು ಒಕ್ಕಲಿಗರಿಗೆ ಹೊಸದೇನೂ ಅಲ್ಲ. ಎಲೆ, ತೊಗಟೆ, ಬೇರುಗಳು ಕೊಳೆತು ಉಂಟಾಗುವ ಹ್ಯೂಮಸ್ ಎಂಬ ಕಪ್ಪು ಪದಾರ್ಥವು ಭೂಮಿಯ ಸಾರವನ್ನು ಹೆಚ್ಚಿಸುತ್ತದೆಂದು ನಾವು ಹಳ್ಳಿ ಹಳ್ಳಿಗೂ ಹೋಗಿ ಹೇಳುತ್ತೇವಷ್ಟೆ. ಅದೇ ಹ್ಯೂಮಸಿನ ಆಮ್ಲಗಳು ಮಳೆಯ ನೀರಿನಲ್ಲಿ ಕರಗಿ ಕೆರೆಗೆ ಇಳಿದಾಗ ಈ ಬಣ್ಣವು ಬರುವುದು. ಅವುಗಳನ್ನು ಕುಡಿದ ಮಾತ್ರಕ್ಕೆ ರೋಗವು ಬರುವುದಿಲ್ಲ. ತೊಂದರೆಯು ಪ್ರಾರಂಭವಾಗುವುದು ಆ ನೀರಿಗೆ ಬ್ಲೀಚಿಂಗ್ ಪೌಡರನ್ನು ಬೆರೆಸಿದಾಗ.

ಕೆಲವು ವರ್ಷಗಳ ಹಿಂದೆ ಸರ್ಕೀಟಿನಲ್ಲಿದ್ದಾಗ ಇಂತಹ ಒಂದು ಗ್ರಾಮದಲ್ಲಿ ತಂಗಿದ್ದೆನು. ಬೆಳಿಗ್ಗೆ ತೊಟ್ಟಿಗೆ ಪುಡಿಯನ್ನು ಅಳತೆಯಂತೆಯೇ ಹಾಕಿದ್ದರು. ಸಂಜೆ ಪರೀಕ್ಷಿಸಿದರೆ ಕ್ಲೋರೀನಿನ ಸುಳಿವೇ ಇರಲಿಲ್ಲ. ಮರುದಿನ ಪುಡಿಯನ್ನು ಇಮ್ಮಡಿ ಮಾಡಿದರು. ನೀರಿಗೆ ಔಷಧದ ವಾಸನೆಯು ಹತ್ತಿ, ಹೆಂಗಸರು ಕೊಡಗಳನ್ನು ತೆಗೆದುಕೊಂಡು ಹಿಂದಿನಂತೆ ಹಳ್ಳಕ್ಕೆ ಹೋದರು. ವಾಂತಿಭೇದಿಯ ಭಯವಿದ್ದ ಆ ದಿನಗಳಲ್ಲಿ ಇದಕ್ಕಿಂತ ಅನರ್ಥವು ಬೇರೆ ಯಾವುದಿದ್ದೀತು? ಕ್ರಿಮಿಗಳನ್ನು ಕೊಲ್ಲಬೇಕಾದ ಕ್ಲೋರೀನನ್ನು ಎಲೆಯ ಸತ್ವವೇ ತಿಂದುಹಾಕಿತ್ತು. ಭಾರತೀಯ ಮಾನಕ ಸಂಸ್ಥೆಯ 2012ರ ನಿಯಮದಂತೆ ಕ್ಲೋರೀನಿನಿಂದ ಶುದ್ಧಿಮಾಡಿದ ನೀರಿನಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರೀನು ಉಳಿದಿರತಕ್ಕದ್ದು. ಬಣ್ಣವನ್ನು ತೆಗೆಯದೆ ಇಷ್ಟನ್ನು ಉಳಿಸುವುದು ಬಹು ಕಷ್ಟ.

ಪುಡಿಯನ್ನು ಹೆಚ್ಚಿಸುತ್ತ ಹೋಗುವುದರಲ್ಲಿ ಇನ್ನೊಂದು ಕೇಡುಂಟು. ಎಲೆಯ ಆಮ್ಲಗಳೊಡನೆ ಕ್ಲೋರೀನು ಸೇರಿದರೆ ಕ್ಲೋರೋಫಾರಂ ಮೊದಲಾದ ಪದಾರ್ಥಗಳು ಹುಟ್ಟುತ್ತವೆ. ಹಾಲೆಂಡಿನ ರಾಟರ್‌ಡ್ಯಾಂ ನಗರದ ನೀರಿನ ಕಾರ್ಖಾನೆಯಲ್ಲಿದ್ದ ರೂಕ್ ಎಂಬ ರಸಾಯನ ಶಾಸ್ತ್ರಜ್ಞರು ಇದನ್ನು 1974ರಲ್ಲಿ ಪ್ರಕಟಿಸಿದರು. ಅಮೆರಿಕಾ ಸರ್ಕಾರವು 1979ರಲ್ಲಿ ಇವುಗಳಿಗೆ ಒಂದು ಮಿತಿಯನ್ನು ಗೊತ್ತುಮಾಡಿತು. ನಮ್ಮ ದೇಶದ ನಿಯಮದಲ್ಲಿ ಕ್ಲೋರೋಫಾರಮಿಗೆ ಲೀಟರಿಗೆ 0.2 ಮಿಲಿಗ್ರಾಂ ಮಿತಿಯಿದೆ. ಹೀಗೆಂದು ಯಾರೂ ಬ್ಲೀಚಿಂಗ್ ಪೌಡರನ್ನು ಬಿಟ್ಟುಬಿಡಕೂಡದು. ಈ ಪದಾರ್ಥಗಳ ಕೇಡು ಬಹುಕಾಲದ ಸೇವನೆಯಿಂದ ಬರಬಹುದಾದುದು. ಕ್ರಿಮಿಯ ಕೇಡು ನಾಳೆಯೇ ಬರುವುದು. ಆದಕಾರಣ ಮೊದಲು ಬಣ್ಣವನ್ನು ತೆಗೆದು, ಆ ಮೇಲೆ ಕ್ಲೋರೀನನ್ನು ಹಾಕತಕ್ಕದ್ದು.

ಬಣ್ಣವನ್ನು ತೆಗೆಯಲು ಸುಲಭವಾದ ಸಾಧನವೆಂದರೆ ಪಟಿಕ. ಪಟಿಕವು ನೀರಿನಲ್ಲಿ ಕರಗಿ, ಹತ್ತಿಯ ಅರಳಿನಂತಹ ಗರಣೆಗಳಾಗುವುದು. ಎಲೆಯ ಆಮ್ಲಗಳು ಅದಕ್ಕೆ ಅಂಟಿಕೊಂಡು ತಳಕ್ಕೆ ಇಳಿಯುವುವು. ಎಷ್ಟು ಹಾಕಬೇಕೆಂಬುದು ಊರಿಂದೂರಿಗೆ ಭಿನ್ನವಾಗುವುದರಿಂದ ಕಣ್ಣಂದಾಜು ಸಾಲದು. ನೀರಿನ ಶುದ್ಧೀಕರಣಕ್ಕೆಂದೇ ಮಾರುವ ಪಟಿಕವನ್ನು ಒಂದು ಗ್ರಾಂ ತೂಗಿ 100 ಮಿಲಿಲೀಟರು ನೀರಿನಲ್ಲಿ ಕರಗಿಸಬೇಕು. ಒಂದೊಂದು ಲೀಟರು ಕೆರೆಯ ನೀರಿರುವ ಐದು ಸೀಸೆಗಳಿಗೆ ಕ್ರಮವಾಗಿ 2, 3, 4, 5, 6 ಮಿಲಿಲೀಟರಿನಂತೆ ಈ ದ್ರಾವಣವನ್ನು ಹಾಕಿ, ಒಂದು ನಿಮಿಷ ಜೋರಾಗಿಯೂ ಹದಿನೈದು ನಿಮಿಷ ಮೆಲ್ಲಗೂ ಕಲಕಿ, ಒಂದು ಗಂಟೆ ಬಿಡಬೇಕು. ಬಣ್ಣವು ಬಿಟ್ಟುಹೋದ ಸೀಸೆಗಳಲ್ಲಿ ಯಾವುದಕ್ಕೆ ಅತ್ಯಲ್ಪವಾಗಿ ಹಾಕಿತ್ತೋ ಅದೇ ಆ ನೀರಿನ ಅಳತೆ. ಅದು 4 ಮಿಲಿಲೀಟರಾದರೆ 20 ಲೀಟರಿನ ಪಾತ್ರೆಗೆ 80 ಮಿಲಿಲೀಟರು ಸಾಕು. ತಿಳಿಯನ್ನು ಬಸಿದು, ಬಟ್ಟೆಯಲ್ಲಿ ಅಥವಾ ಮರಳಿನಲ್ಲಿ ಸೋಸಿ, ಅನಂತರ ಕುದಿಸಬೇಕು ಇಲ್ಲವೆ ಕ್ಲೋರೀನನ್ನು ಹಾಕಬೇಕು.

ಮಲೆನಾಡಿನ ಮೆದು ನೀರಿನಲ್ಲಿ ಒಂದು ತೊಡಕು ಕಂಡುಬರುವುದು. ಪಟಿಕವು ನೀರನ್ನು ಹುಳಿಗೊಳಿಸುವುದರಿಂದ ಕೆಲವೆಡೆ ಗರಣೆಗಳೇ ಕಟ್ಟುವುದಿಲ್ಲ. ಆಗ ಸುಣ್ಣದ ತಿಳಿನೀರನ್ನು ತುಸು ಬೆರೆಸಬೇಕು. ಸುಣ್ಣವು ಹೆಚ್ಚಾದರೆ ಕೆಲಸವು ಕೆಡುವುದು; ಎಲೆಯ ಬಣ್ಣವು ಚೆನ್ನಾಗಿ ಬಿಡುವುದು ಕೊಂಚ ಹುಳಿಯಿರುವ ನೀರಿನಲ್ಲಿಯೇ, ಅಂದರೆ ಪಿಎಚ್ 5.5ರಿಂದ 6.5ರೊಳಗೆ.

ಪಟಿಕಕ್ಕೆ ಬದಲಾಗಿ ನುಗ್ಗೆಯ ಬೀಜವಾಗದೆ ಎಂದು ಕೇಳುವವರುಂಟು. ಚಿಲ್ಲದ ಬೀಜವನ್ನು ತೇಯ್ದು ನೀರನ್ನು ತಿಳಿಗೊಳಿಸುವ ಪದ್ಧತಿಯು ಸುಶ್ರುತಸಂಹಿತೆಯಷ್ಟು ಹಳೆಯದು. ನುಗ್ಗೆಯ ಬೀಜವೂ ಕೆಸರು ನೀರಿಗೆ ಒಳ್ಳೆಯದೇ. ನಾನೂ ಅದನ್ನು ಬಹಳ ಉತ್ಸಾಹದಿಂದ ಶಿಫಾರಸು ಮಾಡಿದವನು. ಮೂರನೆಯ ದಿನ ಒಬ್ಬ ಅಜ್ಜಿಯು ಹಂಡೆಯ ಮುಚ್ಚಳವನ್ನು ತೆಗೆದು, “ಮೂಸಿ ನೋಡಿ ಸ್ವಾಮಿ” ಎಂದಾಗ ನನಗೆ ಉತ್ತರವೇ ತೋಚಲಿಲ್ಲ. ಬೀಜದಲ್ಲಿ ಕೆಲಸ ಮಾಡುವುದು ಒಂದು ಪ್ರೋಟೀನು ಮಾತ್ರ. ಉಳಿದ ಅಂಶಗಳು ನೀರಿನಲ್ಲಿಯೇ ನಿಂತು ಕೊಳೆಯುತ್ತವೆ. ಸಾವಯವ ವಸ್ತುವನ್ನು ತೆಗೆಯಹೋಗಿ ನಾವೇ ಅದನ್ನು ಕೂಡಿಸಿದಂತಾಗುವುದು. ನುಗ್ಗೆಯ ಬೀಜವನ್ನು ಉಪಯೋಗಿಸುವವರು ಕೆಸರಿಗೆ ಮಾತ್ರ ಉಪಯೋಗಿಸಿ, ಆ ನೀರನ್ನು ಕುದಿಸಿ ಆ ದಿನವೇ ಖರ್ಚುಮಾಡತಕ್ಕದ್ದು.

ಇದ್ದಲಿನ ವಿಚಾರವಾಗಿಯೂ ಒಂದು ಮಾತು. ಒಲೆಯ ಇದ್ದಲಿನಿಂದ ಹೆಚ್ಚಿನ ಪ್ರಯೋಜನವಿಲ್ಲ. ತೆಂಗಿನ ಚಿಪ್ಪನ್ನು ಸುಟ್ಟು ಬಿಸಿ ಹಬೆಯಿಂದ ಹದಗೊಳಿಸಿದ ಆಕ್ಟಿವೇಟೆಡ್ ಕಾರ್ಬನ್ ವಾಸನೆಯನ್ನೂ ಮಿಕ್ಕ ಕ್ಲೋರೀನನ್ನೂ ಚೆನ್ನಾಗಿ ಹೀರುವುದು. ಆದರೆ ಅದರ ರಂಧ್ರಗಳು ಅತಿಸೂಕ್ಷ್ಮವಾದುದರಿಂದ ಎಲೆಯ ದೊಡ್ಡ ಅಣುಗಳಲ್ಲಿ ಅನೇಕವು ಒಳಹೊಗಲಾರವು. ಬಣ್ಣದ ನೀರನ್ನು ನೇರವಾಗಿ ಅದರ ಮೇಲೆ ಬಿಟ್ಟರೆ ಇದ್ದಲು ಬೇಗನೆ ಸೋಲುವುದು. ಪಟಿಕದ ಕೆಲಸವಾದ ಮೇಲೆಯೇ ಇದ್ದಲಿನ ಸರದಿ.

ಇವೆಲ್ಲಕ್ಕಿಂತ ಅಗ್ಗವಾದುದು ಎಲೆಯನ್ನು ನೀರಿಗೆ ಬೀಳದಂತೆ ತಡೆಯುವುದು. ಮಳೆಗೆ ಮುಂಚೆ, ಬೇಸಿಗೆಯಲ್ಲಿಯೇ ಕೆರೆಯ ಅಂಚಿನಲ್ಲಿಯೂ ನೀರು ಹರಿದುಬರುವ ಕಾಲುವೆಗಳಲ್ಲಿಯೂ ಸೇರಿದ ತರಗೆಲೆಯನ್ನು ಗುಡಿಸಿ ಕೊಟ್ಟಿಗೆಗೂ ಗೊಬ್ಬರದ ಗುಂಡಿಗೂ ಸಾಗಿಸಬೇಕು. ಮೊದಲ ಮಳೆಯ ನೀರನ್ನು ಸಾಧ್ಯವಾದೆಡೆ ತೂಬಿನ ಹೊರಗೆ ಹರಿಯಬಿಡಬೇಕು. ಪಾತ್ರೆಯ ತಳದಲ್ಲಿ ನಿಲ್ಲುವ ಪಟಿಕದ ಗಸಿಯನ್ನು ಮಾತ್ರ ಗೊಬ್ಬರದ ಗುಂಡಿಗಾಗಲಿ ಕಾಯಿಪಲ್ಲೆಯ ಮಡಿಗಾಗಲಿ ಹಾಕಬಾರದು; ಅದು ಮಣ್ಣಿನ ರಂಜಕವನ್ನು ಬಿಗಿಹಿಡಿದು ಗಿಡಕ್ಕೆ ದೊರೆಯದಂತೆ ಮಾಡುವುದು. ಬಾವಿಯಿಂದ ದೂರದಲ್ಲಿ ಸಣ್ಣದೊಂದು ಗುಣಿಯನ್ನು ತೋಡಿ ಅದರಲ್ಲಿ ಹೂಳುವುದು ಒಳ್ಳೆಯದು.